ನಡುರಾತ್ರಿ ಫೋನು ರಿಂಗಾದಾಗ

ಊರು ಬಿಟ್ಟು ಬಂದವರಿಗೆಲ್ಲ ಒಂದೇ ಥರದ ಭಯವೊಂದಿದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ರಾತ್ರಿ ಹನ್ನೊಂದರ ಮೇಲೆ ಊರಿನಿಂದ ಬರುವ ಫೋನಿನ ಭಯ. ಪರದೆಯ ಮೇಲೆ ಅಣ್ಣನದೋ ಪಕ್ಕದ ಮನೆಯವರದೋ ಹೆಸರು ಕಂಡ ಕೂಡಲೇ, ಎತ್ತುವ ಮೊದಲೇ ಎದೆ ಧಸಕ್ಕೆನ್ನುತ್ತದೆ.

ನನಗೆ ಆ ಫೋನು ಬಂದದ್ದು ಮೂರು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ರಾತ್ರಿ 2 ಗಂಟೆ 17 ನಿಮಿಷಕ್ಕೆ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ಬಂದವನು ಇಲ್ಲೇ ಒಂಬತ್ತು ವರ್ಷ ಕಳೆದಿದ್ದೇನೆ. ನಾಲ್ಕು ವಾರಕ್ಕೊಮ್ಮೆ ನನ್ನದು ಆನ್‌ಕಾಲ್ ಪಾಳಿ. ಸರ್ವರ್‌ಗೆ ಏನಾದರೂ ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಳ್ಳುತ್ತದೆ, ಎದ್ದು ಲ್ಯಾಪ್‌ಟಾಪ್ ತೆರೆಯಬೇಕು. ಆ ವಾರ ನನ್ನದೇ ಪಾಳಿ. ಕಣ್ಣು ಮುಚ್ಚಿಕೊಂಡೇ ಫೋನು ಎತ್ತಿದೆ. ಸರ್ವರ್ ಅಲ್ಲ, ಅಣ್ಣ.

"ತಮ್ಮಾ, ಅಪ್ಪಾಗ ಎದಿ ನೋವು ಬಂದೈತಿ. ದವಾಖಾನಿಗೆ ಕರ್ಕೊಂಡು ಹೊಂಟೇವಿ. ನೀ ಹೊಂಡು."

ಪುಣೆಯಿಂದ ನಮ್ಮ ಗದಗ-ಬೆಟಗೇರಿಗೆ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ 480 ಕಿಲೋಮೀಟರು. ಮೂರು ಗಂಟೆಗೆ ಬಾಡಿಗೆ ಕಾರು ಸಿಕ್ಕಿತು. ಖಂಬಾಟಕಿ ಘಾಟಿನಲ್ಲಿ ಮಳೆ ಎಷ್ಟು ಜೋರಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕರಾಡ ದಾಟುತ್ತಿದ್ದಾಗ ಮತ್ತೆ ಫೋನು ಬಂತು. ಈ ಸಲ ಅಣ್ಣ ಮಾತಾಡಲಿಲ್ಲ, ಅತ್ತ. ಅದರಲ್ಲೇ ಗೊತ್ತಾಯಿತು. ಉಳಿದ ದಾರಿಯಲ್ಲಿ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಯಾವಾಗ ಬಂದವು, ಯಾವಾಗ ಹೋದವು ನೆನಪಿಲ್ಲ.

ಅಪ್ಪನನ್ನು ಮಣ್ಣು ಮಾಡಿ ಹದಿನೈದು ದಿನಕ್ಕೆ ಪುಣೆಗೆ ಮರಳಿದೆ. ದುಃಖ ಇರುತ್ತದೆ ಎಂದು ಗೊತ್ತಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಫೋನು ರಿಂಗಾದರೆ ಸಾಕು, ಅಂಗೈ ಬೆವರುತ್ತಿತ್ತು. ಕೊರಿಯರ್ ಹುಡುಗನ ಕರೆಯಾದರೂ ಅಷ್ಟೇ. ರಾತ್ರಿ ಅದನ್ನು ಸೈಲೆಂಟ್ ಮಾಡಿ ದಿಂಬಿನ ಕೆಳಗೆ ಇಡುತ್ತಿದ್ದೆ. ಆಮೇಲೆ ಸೈಲೆಂಟ್ ಮಾಡಿದ್ದೇನಲ್ಲ, ಏನಾದರೂ ಆಗಿದ್ದರೆ ಎಂದು ಗಂಟೆಗೊಮ್ಮೆ ತೆಗೆದು ನೋಡುತ್ತಿದ್ದೆ. ಒಂದು ಆನ್‌ಕಾಲ್ ರಾತ್ರಿ ಹೀಗೆಯೇ ಸೈಲೆಂಟ್ ಮಾಡಿ ಮಲಗಿಬಿಟ್ಟೆ. ನಲವತ್ತು ನಿಮಿಷ ಸೇವೆ ನಿಂತುಹೋಯಿತು. ಮರುದಿನ ಮ್ಯಾನೇಜರ್ ಕೇಳಿದಾಗ "ಚಾರ್ಜ್ ಇರಲಿಲ್ಲ" ಎಂದು ಸುಳ್ಳು ಹೇಳಿದೆ.

ಅಕ್ಟೋಬರಿನಲ್ಲಿ ಒಂದು ಸಂಜೆ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಎದೆ ಬಿಗಿಯಿತು. ಉಸಿರು ಸಾಲದು. ಎಡಗೈ ಜೋಮು ಹಿಡಿಯಿತು. ಅಪ್ಪನಿಗೆ ಆದದ್ದೇ ನನಗೂ ಆಗುತ್ತಿದೆ ಅಂದುಕೊಂಡೆ. ಆಟೊದವನು ಆಸ್ಪತ್ರೆಗೆ ತಲುಪಿಸಿದ. ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು, ಎಲ್ಲ ಸರಿಯಿತ್ತು. ವೈದ್ಯರು ನಿಧಾನವಾಗಿ ಹೇಳಿದರು, "ಇದು ಪ್ಯಾನಿಕ್ ಅಟ್ಯಾಕ್. ಹೃದಯಕ್ಕೆ ಏನೂ ಆಗಿಲ್ಲ."

ಅವರು ವಿವರಿಸಿದ್ದು ಎಂಜಿನಿಯರನಿಗೆ ಅರ್ಥವಾಗುವಂತಿತ್ತು. ಅಪಾಯ ಕಂಡಾಗ ಮಿದುಳು ಅಲಾರಂ ಹೊಡೆಯುತ್ತದೆ, ಅಡ್ರಿನಲಿನ್ ಹರಿಯುತ್ತದೆ, ಹೃದಯ ಓಡುತ್ತದೆ, ಉಸಿರು ಜೋರಾಗುತ್ತದೆ. ಓಡಲಿಕ್ಕೋ ಕಾದಾಡಲಿಕ್ಕೋ ದೇಹ ಸಿದ್ಧವಾಗುವ ರೀತಿ ಅದು. ಪ್ಯಾನಿಕ್‌ನಲ್ಲಿ ಅಪಾಯ ಇಲ್ಲದೆಯೇ ಅಲಾರಂ ಹೊಡೆಯುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ನಮ್ಮ ಭಾಷೆಯಲ್ಲಿ ಫಾಲ್ಸ್ ಅಲರ್ಟ್. ಆದರೂ ಎದೆ ನೋವನ್ನು ಪರೀಕ್ಷೆ ಮಾಡಿಸದೆ ಪ್ಯಾನಿಕ್ ಎಂದು ನೀವೇ ತೀರ್ಮಾನಿಸಬೇಡಿ ಎಂದರು.

ನಾಚಿಕೆ

ಹೃದಯ ಸರಿಯಿದೆ ಎಂದು ಕೇಳಿ ಸಮಾಧಾನವಾಗಬೇಕಿತ್ತು. ಆದದ್ದು ನಾಚಿಕೆ. ಕಾರಣ ಹೇಳುತ್ತೇನೆ.

ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ, ಮುಂದೆ ಕಿಟೆಲ್ ಅವರ 1894ರ ನಿಘಂಟನ್ನು ಕನ್ನಡಕ್ಕೆ ಕೊಟ್ಟ ಅದೇ ಮಿಷನ್ ಬೆಟಗೇರಿಯಲ್ಲೂ ನೆಲೆಯೂರಿತ್ತು. ಮನೆಯಲ್ಲಿ ಸಂಜೆ ಪ್ರಾರ್ಥನೆ ಆಗದೆ ಊಟವಿರಲಿಲ್ಲ. ಭಾನುವಾರದ ಶಾಲೆಯಲ್ಲಿ ಸತ್ಯವೇದದ ವಚನಗಳನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ತಂದವನು ನಾನು. ಹೆದರಿಕೆ ಅಂದರೆ ವಿಶ್ವಾಸದ ಕೊರತೆ ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೆ. ಹಾಗಿದ್ದರೆ ಫೋನಿನ ಸದ್ದಿಗೆ ಬೆವರುವ ನನ್ನದು ಎಂಥ ವಿಶ್ವಾಸ? ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಇಲ್ಲಿ ಪಿಂಪ್ರಿ ಕಡೆ ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಕನ್ನಡದಲ್ಲಿ ಪ್ರಾರ್ಥಿಸುತ್ತೇವೆ. ಧಾರವಾಡ, ಬೀದರ, ರಾಯಚೂರು ಕಡೆಯವರೇ ಹೆಚ್ಚು. ಆ ತಿಂಗಳು ಒಬ್ಬರು ಹುರುಪಿನಿಂದ, "ಸತ್ಯವೇದದಲ್ಲಿ 'ಭಯಪಡಬೇಡ' ಅನ್ನುವ ಮಾತು 365 ಸಲ ಇದೆ, ದಿನಕ್ಕೊಂದು" ಎಂದರು. ಈ ಲೆಕ್ಕವನ್ನು ನೀವೂ ವಾಟ್ಸ್ಆ್ಯಪ್‌ನಲ್ಲಿ ನೋಡಿರಬಹುದು.

ರಾತ್ರಿ ನಿದ್ದೆ ಬರುತ್ತಿರಲಿಲ್ಲವಲ್ಲ, ಕೂತು ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಎಣಿಸಿದೆ. 365 ಬರಲಿಲ್ಲ. ಭಯಪಡಬೇಡ, ಅಂಜಬೇಡ, ಹೆದರಬೇಡಿರಿ ಎಂದು ಪದ ಬದಲಿಸಿ ನೋಡಿದೆ. ಯಾವ ಬಗೆಯಲ್ಲಿ ಎಣಿಸಿದರೂ ಆ ಸಂಖ್ಯೆಯ ಹತ್ತಿರ ಹೋಗಲಿಲ್ಲ.

ಆದರೆ ಎಣಿಸಲು ಹೋದವನು ಓದಲು ತೊಡಗಿದೆ. ಆ ಮಾತನ್ನು ಯಾರಿಗೆ ಹೇಳಲಾಗಿದೆ ಎಂದು ನೋಡುತ್ತಾ ಹೋದೆ. ಮರುಭೂಮಿಯಲ್ಲಿ ನೀರು ಮುಗಿದು, ಮಗ ಸಾಯುವುದನ್ನು ನೋಡಲಾರೆ ಎಂದು ದೂರ ಕೂತು ಅಳುತ್ತಿದ್ದ ಹಾಗರಳಿಗೆ. ಮೋಶೆ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಹೊಣೆ ಹೊತ್ತ ಯೆಹೋಶುವನಿಗೆ. ದೇವದೂತನನ್ನು ಕಂಡು ಕಳವಳಗೊಂಡ ಮರಿಯಳಿಗೆ. ಇವರೆಲ್ಲ ಧೈರ್ಯವಾಗಿ ಕೂತಿದ್ದವರಲ್ಲ. ಆಗಲೇ ಹೆದರಿದವರು, ಇಲ್ಲವೇ ಹೆದರಲು ಸಾಕಷ್ಟು ಕಾರಣ ಇದ್ದವರು. ಮಗು ಬೆಚ್ಚಿ ಎದ್ದಾಗ "ಅಂಜಬ್ಯಾಡ" ಅನ್ನುವ ತಾಯಿ ಮಗುವನ್ನು ಬೈಯುತ್ತಿರುವುದಿಲ್ಲ. ಅಷ್ಟು ವರ್ಷ ಆ ಮಾತನ್ನು ನಾನು ಬೈಗುಳದಂತೆ ಕೇಳಿಸಿಕೊಂಡಿದ್ದೆ.

ಮುಂದಿನ ತಿಂಗಳ ಪ್ರಾರ್ಥನೆ ಮುಗಿದ ಮೇಲೆ ಹುಬ್ಬಳ್ಳಿ ಕಡೆಯ ಹಿರಿಯ ಅಜ್ಜಿಯೊಬ್ಬರ ಹತ್ತಿರ ಮೊದಲ ಸಲ ಬಾಯಿಬಿಟ್ಟೆ. ಗಂಡನನ್ನೂ ಒಬ್ಬ ಮಗನನ್ನೂ ಕಳೆದುಕೊಂಡವರು ಅವರು. ನಾಚಿಕೆಯ ಮಾತು ಬಂದಾಗ ಅವರು ಗೆತ್ಸೇಮನೆ ತೋಟದ ರಾತ್ರಿಯನ್ನು ನೆನಪಿಸಿದರು. ಯೇಸುಸ್ವಾಮಿ ಅಲ್ಲಿ ಮನಸ್ಸು ಕುಗ್ಗಿ, ಸಂಗಡ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿಕೊಂಡರು. ಈ ಕಷ್ಟ ತಪ್ಪುವುದಾದರೆ ತಪ್ಪಲಿ ಎಂದು ಮೂರು ಸಲ ಅದನ್ನೇ ಪ್ರಾರ್ಥಿಸಿದರು.

"ಅವರಿಗೇ ಅಷ್ಟ ಸಂಕಟ ಆಗಿತ್ತು. ನಿಂದೇನು ದೊಡ್ಡಸ್ತಿಕಿ?" ಎಂದು ಅಜ್ಜಿ ನಕ್ಕರು. "ಅಂಜಿಕಿ ಬರೂದು ತಪ್ಪಲ್ಲೋ ತಮ್ಮಾ. ಬಂದಾಗ ಯಾರ ಹಂತ್ಯಾಕ ಓಡತಿ ಅನ್ನೂದು ನೋಡ್ಕೋ. ಮತ್ತ ಡಾಕ್ಟರ್ ಹೇಳಿದ್ದು ಬಿಡಬ್ಯಾಡ."

ಹಡಗು ಒಡೆಯಿತು

ಒಂದು ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಕರಾಡದವರೆಗಿನ ಆ ಮೂರು ತಾಸು ನಾನು ಬೇಡಿದ್ದು ಒಂದೇ, ಅಪ್ಪ ಉಳಿಯಲಿ. ಉಳಿಯಲಿಲ್ಲ. ಇನ್ನು ದೇವರನ್ನು ನಂಬು ಅಂದರೆ ಯಾವುದಕ್ಕಾಗಿ ನಂಬಬೇಕು?

ಇದಕ್ಕೆ ನನಗೆ ಪೂರ್ತಿ ಉತ್ತರ ಸಿಕ್ಕಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಪೊಸ್ತಲರ ಕೃತ್ಯಗಳು ಪುಸ್ತಕದ 27ನೇ ಅಧ್ಯಾಯ. ಕೈದಿಯಾದ ಪೌಲನನ್ನು ರೋಮಿಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕುತ್ತದೆ. ಹಡಗಿನಲ್ಲಿ 276 ಮಂದಿ. ಎಷ್ಟೋ ದಿನ ಸೂರ್ಯನೂ ನಕ್ಷತ್ರಗಳೂ ಕಾಣುವುದಿಲ್ಲ. ಅಂಥ ರಾತ್ರಿಯಲ್ಲಿ ಪೌಲನಿಗೂ ಭಯಪಡಬೇಡ ಎಂಬ ಮಾತು ಬರುತ್ತದೆ. ಆದರೆ ಹಡಗು ಉಳಿಯುತ್ತದೆ ಎಂದು ದೇವರು ಹೇಳುವುದಿಲ್ಲ. ಹಡಗು ಹೋಗುತ್ತದೆ ಎಂದು ಮೊದಲೇ ತಿಳಿಯುತ್ತದೆ. ಹೋಗುತ್ತದೆ ಕೂಡ. ಈಜು ಬಲ್ಲವರು ಈಜಿ, ಉಳಿದವರು ಹಲಗೆ, ತುಂಡುಗಳನ್ನು ಹಿಡಿದುಕೊಂಡು, ಎಲ್ಲರೂ ಮಾಲ್ಟಾ ದ್ವೀಪದ ದಡ ಸೇರುತ್ತಾರೆ.

ನನಗೆ ಹಿಡಿಸಿದ್ದು ಮಧ್ಯದ ಭಾಗ. ದೇವರ ಮಾತು ಸಿಕ್ಕಿತು ಎಂದು ಅವರು ಕೈಕಟ್ಟಿ ಕೂರುವುದಿಲ್ಲ. ನಾವಿಕರು ನೀರಿನ ಆಳ ಅಳೆಯುತ್ತಾರೆ, ಕತ್ತಲಲ್ಲಿ ಬಂಡೆಗೆ ಬಡಿಯದಿರಲಿ ಎಂದು ಹಿಂಬದಿಯಿಂದ ನಾಲ್ಕು ಲಂಗರು ಇಳಿಸುತ್ತಾರೆ, ಬೆಳಗಾಗುವುದನ್ನು ಕಾಯುತ್ತಾರೆ. ಹದಿನಾಲ್ಕು ದಿನದಿಂದ ಸರಿಯಾಗಿ ಉಣ್ಣದ ಜನರಿಗೆ ಪೌಲ ಊಟ ಮಾಡಿ ಎನ್ನುತ್ತಾನೆ, ತಾನೇ ರೊಟ್ಟಿ ಮುರಿದು ತಿನ್ನುತ್ತಾನೆ. ನಂಬಿಕೆ ಆ ಹಡಗಿನಲ್ಲಿ ಅಷ್ಟು ಸಾದಾ ಕೆಲಸಗಳಾಗಿತ್ತು.

ನಾನೂ ಲಂಗರು ಇಳಿಸಿದೆ. ಆಪ್ತ ಸಮಾಲೋಚಕರೊಬ್ಬರ ಬಳಿ ಐದು ತಿಂಗಳು ಹೋದೆ. ನಿಧಾನವಾಗಿ ಉಸಿರು ಬಿಡುವುದನ್ನು ಕಲಿತೆ. ಹಳೆಯ ರಿಂಗ್‌ಟೋನನ್ನೇ ಹಗಲು ಹೊತ್ತು ಬೇಕೆಂದೇ ಹಾಕಿ, ಭಯ ಏರಿ ಇಳಿಯುವವರೆಗೆ ಕೂತು ಕೇಳಬೇಕು ಎಂದರು. ಮೊದಲ ದಿನ ಎದ್ದು ಓಡಿದೆ. ನಾಲ್ಕನೇ ವಾರಕ್ಕೆ ಕೂತೆ. ಕೂತು ಕೇಳುವಾಗ ಬಾಯಲ್ಲಿ ಚಿಕ್ಕಂದಿನ 23ನೇ ಕೀರ್ತನೆ ಇತ್ತು. ಮ್ಯಾನೇಜರ್‌ಗೂ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಆ ಮರಾಠಿ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಾಯಿ ಹೋದ ವರ್ಷದ ಕಥೆ ಹೇಳಿದರು. ಎರಡು ತಿಂಗಳು ನನ್ನ ರಾತ್ರಿ ಪಾಳಿ ತಪ್ಪಿಸಿದರು.

ಅಪ್ಪನ ಲಾಟೀನು

ಆ ದಿನಗಳಲ್ಲಿ ಅಪ್ಪನ ಮಾತೊಂದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಕೆಲವು ವರ್ಷ ಮಳೆಗಾಲದಲ್ಲಿ ಅವರನ್ನು ಕ್ಯಾಸಲ್‌ರಾಕ್ ಕಡೆಯ ಘಾಟಿಗೆ ರಾತ್ರಿ ಗಸ್ತಿಗೆ ಹಾಕಿದ್ದರು. ಮಣ್ಣು ಕುಸಿದಿದೆಯೋ, ಹಳಿಯ ಕೆಳಗೆ ನೀರು ಕೊರೆದಿದೆಯೋ ಎಂದು ನೋಡುತ್ತಾ ಕಾಡಿನ ನಡುವೆ ನಡೆಯುವ ಕೆಲಸ. ರಜೆಗೆ ಬಂದಾಗ ಕೇಳಿದ್ದೆ, "ಅಪ್ಪಾ, ಕತ್ತಲಾಗ ಅಂಜಿಕಿ ಬರಂಗಿಲ್ಲೇನು?"

"ಬರತೈತಿ, ಯಾಕ ಬರಂಗಿಲ್ಲ? ಪ್ರಾರ್ಥನಾ ಮಾಡಿ ಹೊಂಡತೇನಿ. ಲಾಟೀನು ನಾಲ್ಕ ಹೆಜ್ಜಿ ತೋರಸ್ತೈತಿ. ಅಷ್ಟ ನಡದ್ರ ಮತ್ತ ನಾಲ್ಕ ಕಾಣತಾವ" ಎಂದಿದ್ದರು.

ಕಳೆದ ನವೆಂಬರಿನಲ್ಲಿ ರಾತ್ರಿ 3 ಗಂಟೆ ಸುಮಾರಿಗೆ ಫೋನು ಬಂತು. ವೈನಿಯ ಹೆಸರು. ಕೈ ನಡುಗಿತು. ಎದೆ ಹಳೆಯ ವೇಗದಲ್ಲೇ ಓಡಿತು. "ಸ್ವಾಮೀ, ಸಂಗಡ ಇರು" ಅಂದುಕೊಂಡು ಮೂರನೇ ರಿಂಗಿಗೆ ಎತ್ತಿದೆ.

ಅವ್ವನಿಗೆ ಸಕ್ಕರೆ ಕಾಯಿಲೆ. ರಾತ್ರಿ ಗುಳಿಗೆ ನುಂಗಿ ಊಟ ಬಿಟ್ಟಿದ್ದಾಳೆ, ಬೆವರಿ ಎಚ್ಚರ ತಪ್ಪುವಂತಾಗಿದ್ದಾಳೆ. "ಮೈ ಗೊತ್ತೈತೇನು? ನುಂಗಾಕ ಬರತೈತೇನು?" ಎಂದು ಕೇಳಿದೆ. ಹೌದು ಎಂದರು. ಸಕ್ಕರೆ ನೀರು ಕುಡಿಸಿ ಎಂದೆ. ಅಷ್ಟರಲ್ಲಿ ಅಣ್ಣ ಗಾಡಿ ತೆಗೆದಿದ್ದ. ಆಸ್ಪತ್ರೆ ತಲುಪುವವರೆಗೆ ಫೋನು ಇಡಲಿಲ್ಲ. ದಾರಿಯಲ್ಲಿ ಅವ್ವನ ಕಿವಿಗೆ ಫೋನು ಹಿಡಿಸಿ ಪ್ರಾರ್ಥಿಸಿದೆ. ಕೊನೆಗೆ ಆಕೆ "ಆಮೆನ್" ಅಂದದ್ದು ಕೇಳಿಸಿತು. ಬೆಳಗ್ಗೆ ಹೊತ್ತಿಗೆ ಅವ್ವ ಚಹಾ ಕೇಳುತ್ತಿದ್ದಳು, ಸಕ್ಕರೆ ಹಾಕಿದ್ದೇ ಬೇಕೆಂದು.

ಅವ್ವ ಉಳಿದಳು, ಅದಕ್ಕೇ ಇವನ ನಂಬಿಕೆ ಗಟ್ಟಿಯಾಯಿತು ಎಂದು ಯಾರಾದರೂ ಅಂದುಕೊಳ್ಳಬಹುದು. ಆಕೆ ಉಳಿದದ್ದಕ್ಕೆ ದೇವರಿಗೆ ಸ್ತೋತ್ರ ಹೇಳುತ್ತೇನೆ. ಆದರೆ ಒಂದು ದಿನ ಆ ಫೋನೂ ಬರುತ್ತದೆ ಎಂದು ನನಗೆ ಗೊತ್ತು. ನನ್ನಲ್ಲಿ ಬದಲಾದದ್ದು ಬೇರೆ. ಅಂದು ನಾನು ದಿಂಬಿನ ಕೆಳಗೆ ಅಡಗಲಿಲ್ಲ. ಅವ್ವನಿಗೆ ನಾನು ಬೇಕಾಗಿದ್ದ ಹೊತ್ತಿನಲ್ಲಿ, ಎದೆ ಹೊಡೆದುಕೊಳ್ಳುತ್ತಿದ್ದರೂ, ಸಂಗಡ ಇದ್ದೆ.

ನಿಮ್ಮಲ್ಲಿ ಯಾರಿಗಾದರೂ ಈ ಭಯವಿದ್ದರೆ, ನಿಮ್ಮ ದೇವರ ಹೆಸರು ಯಾವುದೇ ಇರಲಿ, ಒಬ್ಬರಿಗಾದರೂ ಹೇಳಿ. ಎದೆ ನೋವಾದರೆ ತಕ್ಷಣ ವೈದ್ಯರ ಬಳಿ ಹೋಗಿ. ಮನಸ್ಸಿನ ಮಾತಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಉಚಿತ, ಹಗಲು ರಾತ್ರಿ ಸಿಗುತ್ತದೆ, ಭಾಷೆಯನ್ನೂ ಆರಿಸಿಕೊಳ್ಳಬಹುದು. ಇನ್ನೊಂದು, ರಾತ್ರಿಯ ಫೋನಿಗೆ ಕಾಯುವ ಬದಲು ಹಗಲಿನಲ್ಲಿ ನೀವೇ ಊರಿಗೆ ಫೋನು ಮಾಡಿ. ನಾನೀಗ ದಿನಾ ಸಂಜೆ ಏಳಕ್ಕೆ ಮಾಡುತ್ತೇನೆ. ಅವ್ವ ಮೊದಲು ಕೇಳುವುದು ಒಂದೇ, "ಊಟ ಆತೇನೋ?" ನಾನು ಮರಳಿ ಕೇಳುವುದೂ ಅದನ್ನೇ.

ಈ ವಾರ ಮತ್ತೆ ನನ್ನ ಆನ್‌ಕಾಲ್ ಪಾಳಿ. ಫೋನು ಮೇಜಿನ ಮೇಲಿದೆ, ರಿಂಗ್ ಪೂರ್ತಿ ಜೋರಿಗಿಟ್ಟಿದ್ದೇನೆ.