ಪಾವ್‌ಗೆ ಸವರುವ ಸಿಹಿ: ಯಾರಿಗೆ, ಎಷ್ಟು?



ಮಗುವಿಗೆ ಶಾಲೆಗೆ ಹೊತ್ತಾಯಿತು, ದೋಸೆ ಹಿಟ್ಟು ಮುಗಿದಿದೆ. ಎರಡು ಪಾವ್ ಸೀಳಿ, ಜಾಮ್ ಸವರಿ ಡಬ್ಬಿಗೆ ಹಾಕಿದರೆ ಆಯ್ತು. "ಹಣ್ಣಿಂದ ಮಾಡಿದ್ದಲ್ವಾ, ಒಳ್ಳೇದೇ" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಅದೇ ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ, ಸೊಸೆ ತೂಕ ಇಳಿಸುವ ಪಥ್ಯದಲ್ಲಿ. ಒಂದೇ ಬಾಟಲಿ ಎಲ್ಲರಿಗೂ ಸರಿಯೇ? ಸ್ವಲ್ಪ ಲೆಕ್ಕ ಹಾಕೋಣ.

ಬಾಟಲಿಯಲ್ಲಿ ಏನಿದೆ?

ಆಹಾರ ಸುರಕ್ಷತಾ ನಿಯಮದ ಪ್ರಕಾರ ಜಾಮ್ ಮಾಡುವಾಗ ಸಾಮಾನ್ಯವಾಗಿ ನೂರಕ್ಕೆ 45 ಭಾಗವಾದರೂ ಹಣ್ಣು ಹಾಕಬೇಕು. ಆದರೆ ಹಣ್ಣಿನಲ್ಲಿ ನೀರೇ ಜಾಸ್ತಿ. ಕುದಿಸಿ ಗಟ್ಟಿಯಾದ ಮೇಲೆ ಉಳಿಯುವುದರಲ್ಲಿ ಹೆಚ್ಚು ಪಾಲು ಸಕ್ಕರೆ. ಜಾಮ್ ಬೇಗ ಕೆಡದೆ ಇರುವುದೂ ಆ ಸಕ್ಕರೆಯಿಂದಲೇ. ಒಂದು ದೊಡ್ಡ ಚಮಚ, ಅಂದರೆ 20 ಗ್ರಾಂ ಜಾಮ್‌ನಲ್ಲಿ ಸುಮಾರು 13 ಗ್ರಾಂ ಸಕ್ಕರೆ.

ನುಟೆಲ್ಲಾದಂಥ ಚಾಕಲೇಟ್ ಸ್ಪ್ರೆಡ್ "ಬೀಜದಿಂದ ಮಾಡಿದ್ದು" ಎನಿಸುತ್ತದೆ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆ, ಉಳಿದದ್ದರಲ್ಲಿ ಬಹಳಷ್ಟು ಎಣ್ಣೆಯ ಕೊಬ್ಬು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ದೊಡ್ಡವರು ಸಹ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಸಣ್ಣ ಚಮಚದೊಳಗೆ ಇಟ್ಟುಕೊಂಡರೆ ಒಳ್ಳೆಯದು. ಎರಡು ದೊಡ್ಡ ಚಮಚ ಜಾಮ್‌ಗೆ ಅದು ಮುಗಿದೇ ಹೋಯಿತು. ಚಹಾದ ಸಕ್ಕರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ!

ಯಾವ ಪಥ್ಯಕ್ಕೆ ಹೊಂದುತ್ತದೆ?

ಸಣ್ಣ ಮಕ್ಕಳು: ಎರಡು ವರ್ಷದೊಳಗಿನ ಮಗುವಿಗೆ ಜಾಮ್, ಚಾಕಲೇಟ್ ಸ್ಪ್ರೆಡ್ ಬೇಡ. ಶಾಲೆಗೆ ಹೋಗುವವರಿಗೆ ಅಪರೂಪಕ್ಕೆ, ತೆಳ್ಳಗೆ ಒಂದು ಸಣ್ಣ ಚಮಚ ಸಾಕು.

ಸಕ್ಕರೆ ಕಾಯಿಲೆ: ದಿನನಿತ್ಯಕ್ಕೆ ಬೇಡ. ಪಾವ್ ಕೂಡ ಮೈದಾದ್ದು. ಎರಡೂ ಸೇರಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತವೆ. ಆದರೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರಿಗೆ ಸಕ್ಕರೆ ತೀರಾ ಇಳಿದು ಮೈ ನಡುಗಿ ಬೆವರಿದರೆ, ಎಚ್ಚರ ಇದ್ದು ನುಂಗಲು ಆಗುವವರಿಗೆ ಮೂರು ಸಣ್ಣ ಚಮಚ ಸಕ್ಕರೆಯ ನೀರು ಅಥವಾ ಒಂದು ದೊಡ್ಡ ಚಮಚ ಜಾಮ್ ಕೂಡಲೇ ಕೊಡಿ. ಚಾಕಲೇಟ್ ಸ್ಪ್ರೆಡ್ ಬೇಡ. ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಎಣ್ಣೆ ಬಿಟ್ಟ ಪಥ್ಯ: ಜಾಮ್‌ನಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಹಾಗಂತ ತೂಕ ಇಳಿಯುವುದಿಲ್ಲ, ಹೆಚ್ಚು ತಿಂದ ಸಕ್ಕರೆಯೂ ಮೈಯಲ್ಲಿ ಕೊಬ್ಬಾಗುತ್ತದೆ.

ಅನ್ನ ಬಿಟ್ಟ ಪಥ್ಯ: ಅನ್ನ ಬಿಟ್ಟು ಪಾವ್-ಜಾಮ್ ತಿಂದರೆ ಮುಂದಿನ ಬಾಗಿಲಲ್ಲಿ ಕಳಿಸಿದ್ದನ್ನು ಹಿತ್ತಲ ಬಾಗಿಲಲ್ಲಿ ಕರೆದಂತೆ. ಈ ಪಥ್ಯಕ್ಕೆ ಎರಡು ಬಗೆಯ ಬಾಟಲಿಯೂ ಹೊಂದುವುದಿಲ್ಲ.

ಗರ್ಭಿಣಿ, ಬಾಣಂತಿ: ರಕ್ತ ಕಡಿಮೆ ಇದ್ದವರಿಗೆ ಜಾಮ್‌ನಿಂದ ಪ್ರಯೋಜನವಿಲ್ಲ. ಸೊಪ್ಪು, ಕಾಳು, ಮೀನು, ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ ಬೇಕು.

ಹಾಗಾದ್ರೆ ಜೋನಿ ಬೆಲ್ಲ?

ದೋಸೆಗೆ ಜೋನಿ ಬೆಲ್ಲ ನಮ್ಮ ಕಡೆಯ ರುಚಿ, ಬಿಡಿ ಎನ್ನುವುದಿಲ್ಲ. ಅದರಲ್ಲಿ ಸ್ವಲ್ಪ ಕಬ್ಬಿಣಾಂಶ ಇದೆ, ಆದರೆ ಒಂದು ಚಮಚದಲ್ಲಿ ಸಿಗುವುದು ಅತ್ಯಲ್ಪ. ಅದೂ ಸಕ್ಕರೆಯೇ. ಸಕ್ಕರೆ ಕಾಯಿಲೆಯವರು "ಬೆಲ್ಲ ಆದರೆ ನಡೀತದೆ" ಎಂದುಕೊಳ್ಳುವುದು ತಪ್ಪು. ಜೇನುತುಪ್ಪವೂ ಹಾಗೆಯೇ, ಒಂದು ವರ್ಷದೊಳಗಿನ ಮಗುವಿಗಂತೂ ಅದನ್ನು ನೆಕ್ಕಿಸಲೇಬಾರದು.

ಬದಲಿಗೆ ಏನು ಮಾಡಬಹುದು?

ಬಾಳೆಹಣ್ಣು ಹಿಚುಕಿ ಪಾವ್ ಮೇಲೆ ಸವರಿ. ಶೇಂಗಾ ಹುರಿದು ನುಣ್ಣಗೆ ರುಬ್ಬಿ, ಚಿಟಿಕೆ ಉಪ್ಪು ಹಾಕಿಡಿ. ಹೊಟ್ಟೆ ತುಂಬುತ್ತದೆ, ಪ್ರೋಟೀನೂ ಸಿಗುತ್ತದೆ. ಮಾವಿನ ಕಾಲದಲ್ಲಿ ನಮ್ಮ ಇಶಾಡವೇ ಇದೆಯಲ್ಲ! ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ತಿರುಳಿಗೆ ಸಕ್ಕರೆ ಏಕೆ ಬೇಕು?

ಮುಂದಿನ ವಾರದ ಸಭೆಗೆ ಮನೆಯಲ್ಲಿರುವ ಜಾಮ್ ಅಥವಾ ಸ್ಪ್ರೆಡ್ ಬಾಟಲಿ ತನ್ನಿ. ಚೀಟಿಯಲ್ಲಿ ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಹೆಚ್ಚು ಇರುವುದು ಮೊದಲು. ಮೊದಲ ಹೆಸರು ಸಕ್ಕರೆಯೇ ಎಂದು ಎಲ್ಲರೂ ಸೇರಿ ಓದಿ ನೋಡಿ. ಓದು ಬಾರದ ಸಹೋದರಿಗೆ ಓದಿ ಹೇಳಿ. ಉಳಿತಾಯದ ಲೆಕ್ಕ ಬರೆಯುವ ನಮಗೆ ಚಮಚದ ಲೆಕ್ಕ ಕಷ್ಟವಲ್ಲ.