ಧಾರವಾಡ ಸ್ಟೇಷನ್ನಿಗೆ ಅಡ್ಡ ಬರುವ ಬಲ್ಬು

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಗೆ ರಾತ್ರಿ ಧಾರವಾಡ ಆಕಾಶವಾಣಿ ಬರುತ್ತದೆ. ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಕತ್ತಲಾದ ಮೇಲೆ ಈ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಮರಳುವುದರಿಂದ ಇಷ್ಟು ದೂರಕ್ಕೂ ಕೇಳಿಸುತ್ತವೆ. ಅಷ್ಟು ಹಾದಿ ದಾಟಿ ಬಂದ ದನಿಯನ್ನು ಕಡೆಗೆ ಕೆಡಿಸುವುದು ಮನೆಯೊಳಗಿನ ಸಾಮಾನೇ. “ಇವತ್ತ ಧಾರವಾಡ ಭಾಳ ಕರಕರ ಅನ್ನಾಕತ್ತೈತಿ” ಎಂದು ಅವ್ವ ಹೇಳಿದರೆ ನಾನು ಮೊದಲು ನೋಡುವುದು ಬಲ್ಬು, ಚಾರ್ಜರುಗಳನ್ನು.

ಇವುಗಳ ಒಳಗಿನ ಸರ್ಕ್ಯೂಟು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತಿರುತ್ತದೆ. ಆ ಗದ್ದಲ ಮೀಡಿಯಂ ವೇವ್‌ವರೆಗೂ ಹಬ್ಬುತ್ತದೆ. ಮನೆಯ ವೈರಿಂಗೇ ಅದಕ್ಕೆ ಏರಿಯಲ್ ಆಗುತ್ತದೆ. ತಡೆಯಲು ಫಿಲ್ಟರ್ ಬೇಕು. ತೀರಾ ಅಗ್ಗದ ಎಲ್ಇಡಿ ಬಲ್ಬುಗಳಲ್ಲಿ ಎಷ್ಟೋ ಸಲ ಅದೇ ಇರುವುದಿಲ್ಲ.

ಕಳ್ಳನನ್ನು ಹಿಡಿಯುವುದು ಸುಲಭ. ರೇಡಿಯೊವನ್ನು ಸೆಲ್ ಮೇಲೆ ಹಚ್ಚಿ, ಒಂದೊಂದೇ ಸ್ವಿಚ್ ಆರಿಸುತ್ತ ಬನ್ನಿ. ಯಾವುದು ಆರಿದಾಗ ಕರಕರ ನಿಂತಿತೋ ಅದನ್ನು ಬದಲಿಸಿ. ಆಗದಿದ್ದರೆ ರೇಡಿಯೊವನ್ನೇ ಮೆಲ್ಲಗೆ ತಿರುಗಿಸಿ. ಒಳಗೆ ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿಯಿದೆ. ಅದರ ತುದಿ ನೇರ ನೋಡುವ ದಿಕ್ಕಿನಿಂದ ಅಲೆ ತೀರಾ ಕಡಿಮೆ ಹಿಡಿಯುತ್ತದೆ. ಗದ್ದಲದತ್ತ ಆ ತುದಿ ತಿರುಗಿದರೆ ಧಾರವಾಡ ತಿಳಿಯಾಗುತ್ತದೆ.

ಆಂಪ್ಲಿಫೈಯರ್‌ನ ಗುಂಯ್‌ ಬೇರೆ ಜಾತಿಯದು. ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಬೇರೆಬೇರೆ ದಾರಿಯಲ್ಲಿ ಅರ್ಥ್ ಆಗಿದ್ದರೆ, ಅವನ್ನು ಕೂಡಿಸುವ ಆಡಿಯೊ ವೈರಿನಲ್ಲೂ ಕರೆಂಟು ಸುತ್ತಿ 50 ಹರ್ಟ್ಸ್ ಮತ್ತು ಅದರ ಎರಡು, ಮೂರು ಪಟ್ಟಿನ ದನಿಗಳು ಸ್ಪೀಕರಿಗೆ ಬರುತ್ತವೆ. ಗದಗದಿಂದ ಬಂದು ಪುಣೆಯಲ್ಲಿ ನೆಲೆಸಿ, 1953ರಲ್ಲಿ ಇಲ್ಲಿ ಸವಾಯಿ ಗಂಧರ್ವ ಉತ್ಸವ ಶುರುಮಾಡಿದ ಭೀಮಸೇನ ಜೋಶಿಯವರ ರೆಕಾರ್ಡು ಕೇಳುವಾಗ ಇದರ ಹಿಂಸೆ ಗೊತ್ತಾಗುತ್ತದೆ. ತಂಬೂರಿಯ ಜೊತೆ ಶ್ರುತಿಗೆ ಸೇರದ ಇನ್ನೊಂದು ದನಿ ಎಡೆಬಿಡದೆ ನಿಲ್ಲುತ್ತದೆ. ವಿಲಂಬಿತದ ಮೆಲುದನಿ ಮುಚ್ಚಿಹೋಗುತ್ತದೆ, ವಾಲ್ಯೂಮ್ ಏರುತ್ತದೆ, ಕಿವಿ ದಣಿಯುತ್ತದೆ. ಎಲ್ಲ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ಹಾಕಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಅರ್ಥ್ ಪಿನ್ ಮಾತ್ರ ಎಂದೂ ಕೀಳಬೇಡಿ. ಅದು ಜೀವ ಕಾಯುವಂಥದ್ದು.

ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳ ರೇಡಿಯೊ ದೂರದರ್ಶಕವಿದೆ. ಆಕಾಶದ ಕ್ಷೀಣ ಅಲೆಗಳನ್ನು ಹಿಡಿಯಲು ರೇಡಿಯೊ ಗದ್ದಲ ಕಡಿಮೆಯಿರುವ ಜಾಗ ಹುಡುಕಿ ಅದನ್ನು ಕಟ್ಟಿದರು. ನಾವು ಊರು ಬಿಟ್ಟು ಹೋಗಬೇಕಿಲ್ಲ. ಬಲ್ಬು ಕೊಳ್ಳುವಾಗ ವಾರಂಟಿ ಕೇಳುತ್ತೇವಲ್ಲ, ಹಾಗೆಯೇ ಒಂದು ಪುಟ್ಟ ರೇಡಿಯೊ ಒಯ್ದು ಅಂಗಡಿಯಲ್ಲೇ ಪಕ್ಕಕ್ಕಿಟ್ಟು ಹಚ್ಚಿಸಿ ನೋಡೋಣ. ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಗದ್ದಲ ಮಾಡದ ಬಲ್ಬನ್ನೇ ತರೋಣ.