ಜಪಾನಿನಲ್ಲಿ ಖಬರಸ್ತಾನದ ಪ್ರಶ್ನೆ

ಜಪಾನಿನಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಶವಗಳಿಗೆ ಅಗ್ನಿಸಂಸ್ಕಾರವೇ ನಡೆಯುತ್ತದೆ. ಇದು ಅಲ್ಲಿಯ ಅನಾದಿ ಪದ್ಧತಿಯೆಂದು ಭಾವಿಸುವವರುಂಟು. ಆದರೆ 1873ರಲ್ಲಿ ಮೇಜಿ ಸರಕಾರವು ಶವದಹನವನ್ನೇ ನಿಷೇಧಿಸಿ, ನಗರಗಳಲ್ಲಿ ಹೂಳಲು ನೆಲ ಸಾಲದೆ 1875ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. 1948ರ ಸ್ಮಶಾನ ಕಾಯಿದೆಯೂ ಹೂಳುವುದನ್ನು ನಿಷೇಧಿಸಿಲ್ಲ. ಸ್ಮಶಾನಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕೆನ್ನುತ್ತದೆ. ತೊಡಕಿರುವುದು ಅಲ್ಲಿಯೇ.

ಇಸ್ಲಾಂ ಧರ್ಮದಲ್ಲಿ ಶವದಹನ ನಿಷಿದ್ಧ. ಕ್ಯೂಷು ದ್ವೀಪದ ಬೆಪ್ಪು ನಗರದ ಮುಸ್ಲಿಮರು ನೆರೆಯ ಹಿಜಿ ಪಟ್ಟಣದಲ್ಲಿ ಖಬರಸ್ತಾನಕ್ಕೆಂದು ನೆಲ ಕೊಂಡರು. ನೀರು ಕೆಡುವುದೆಂದು ಊರವರು ವಿರೋಧಿಸಿದರು. ಬದಲಿಗೆ ಪಟ್ಟಣಕ್ಕೇ ಸೇರಿದ ಜಾಗವೊಂದನ್ನು ಗೊತ್ತುಮಾಡಲಾಯಿತು. 2024ರಲ್ಲಿ ಚುನಾಯಿತರಾದ ಹೊಸ ಪುರಾಧ್ಯಕ್ಷರು ಅದನ್ನು ಮಾರಲು ಒಪ್ಪಲಿಲ್ಲ. ನೀರಿನ ಚಿಂತೆಯನ್ನು ಹಗುರವಾಗಿ ಕಾಣಲಾಗದು. ಆದರೆ ಅದೇ ಹಿಜಿಯಲ್ಲಿ ಟ್ರಾಪಿಸ್ಟ್ ಕ್ರೈಸ್ತ ಸಂನ್ಯಾಸಿಗಳ ಮಠಕ್ಕೆ ಹೂಳುವ ಭೂಮಿಯಿದೆ. ದೂರದ ಯಾಮಾನಾಶಿ ಪ್ರಾಂತದಲ್ಲಿ ಮೊಂಜುಯಿನ್ ಎಂಬ ಬೌದ್ಧ ದೇವಾಲಯವೇ ಮುಸ್ಲಿಮರ ಸಮಾಧಿಗಳಿಗೆ ನೆಲವನ್ನಿತ್ತಿದೆ!

ಸುತ್ತಲೂ ದಹನವಿರುವಲ್ಲಿ ಸಮಾಧಿ ಸಂಸ್ಕಾರವನ್ನು ಉಳಿಸಿಕೊಂಡು ಬಂದ ನಮಗೆ ಈ ಸಂಕಟ ತಿಳಿಯದ್ದೇನಲ್ಲ. ಪರದೇಶೀಯರಾದರೆ ಶವವನ್ನು ತಾಯ್ನಾಡಿಗೆ ಒಯ್ಯಲಿ ಎನ್ನುವವರು ಅಲ್ಲಿದ್ದಾರೆ. ಜಪಾನಿನಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ, ಇಸ್ಲಾಮನ್ನು ಸ್ವೀಕರಿಸಿದ ಜಪಾನೀಯರಿಗೆ ಬೇರೆ ತಾಯ್ನಾಡೆಲ್ಲಿದೆ?